ಎಡೊ ಊರಿನ ಬಿಳಿ ಅನ್ನ

ಇವತ್ತು ನಾನು ಮಾತಾಡುವುದು ಬಿಳಿ ಅನ್ನದ ಬಗ್ಗೆ. ಜಪಾನಿನ ಒಂದು ಊರು ಬಿಳಿ ಅನ್ನಕ್ಕೆ ಮನಸೋತಿತು. ಅದರಿಂದ ಬೀದಿ ಬದಿಯ ತಿಂಡಿ ಬೆಳೆಯಿತು, ಸುಶಿ ಈಗಿನ ರೂಪಕ್ಕೆ ಬಂತು. ಜೊತೆಗೆ ಒಂದು ಕಾಯಿಲೆಯೂ ಬಂತು. ಆ ಕಾಯಿಲೆ ದೇಶ ಆಳುವವನನ್ನೇ ಬಲಿ ತೆಗೆದುಕೊಂಡಿತು. ಮುಂದೆ ಒಂದು ಯುದ್ಧದಲ್ಲಿ ಇಪ್ಪತ್ತೇಳು ಸಾವಿರ ಸೈನಿಕರನ್ನು ಕೊಂದಿತು. ಇದೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಕತೆ. ಅದಕ್ಕೇ ಬಿಡಿಬಿಡಿಯಾಗಿ ಹೇಳದೆ ಮೊದಲಿನಿಂದ ಹೇಳುತ್ತೇನೆ.

ಊರಿನ ಹೆಸರು ಎಡೊ. ಈಗಿನ ಟೋಕಿಯೋ. 1868ರಲ್ಲಿ ಹೆಸರು ಬದಲಾಯಿತು. ತೊಕುಗಾವಾ ಇಯೆಯಾಸು ಎಂಬ ಸೇನಾನಾಯಕ 1590ರಲ್ಲಿ ಅಲ್ಲಿಗೆ ಬಂದಾಗ ಅದು ಕೊಲ್ಲಿಯ ದಡದಲ್ಲಿದ್ದ ಸಣ್ಣ ಜಾಗ. ಒಂದು ಹಳೇ ಕೋಟೆ, ಸುತ್ತ ಜೌಗು ನೆಲ. 1603ರಲ್ಲಿ ಅವನು ಶೋಗನ್ ಆದ, ಅಂದರೆ ದೇಶ ಆಳುವ ಮಹಾಸೇನಾಪತಿ. ಚಕ್ರವರ್ತಿ ಕ್ಯೋಟೊದಲ್ಲಿ ಹೆಸರಿಗೆ ಇದ್ದರು, ಅಧಿಕಾರ ಎಲ್ಲ ಎಡೊದಲ್ಲಿ. ನೂರಿಪ್ಪತ್ತು ವರ್ಷದೊಳಗೆ ಆ ಊರಿನ ಜನಸಂಖ್ಯೆ ಹತ್ತು ಲಕ್ಷದ ಹತ್ತಿರ ಬಂತು. ಆಗಿನ ಕಾಲಕ್ಕೆ ಪ್ರಪಂಚದ ಅತಿ ದೊಡ್ಡ ಊರುಗಳಲ್ಲಿ ಅದೂ ಒಂದು.

ಇಷ್ಟು ಜನ ಎಲ್ಲಿಂದ ಬಂದರು? ಇಲ್ಲಿ ಒಂದು ಕಾನೂನಿನ ವಿಷಯ ಹೇಳಬೇಕು. ದೇಶದಲ್ಲಿ ಸುಮಾರು 260 ಜನ ಪಾಳೆಯಗಾರರಿದ್ದರು, ಅವರನ್ನು ದೈಮ್ಯೊ ಅನ್ನುತ್ತಾರೆ. 1635ರಿಂದ ಶುರುವಾಗಿ ಇವರಲ್ಲಿ ಹೆಚ್ಚಿನವರು ಒಂದು ವರ್ಷ ತಮ್ಮ ಸೀಮೆಯಲ್ಲಿ, ಒಂದು ವರ್ಷ ಎಡೊದಲ್ಲಿ ಇರಬೇಕು ಅಂತ ನಿಯಮ ಆಯಿತು. ಹೆಂಡತಿ ಮಕ್ಕಳು ಮಾತ್ರ ಯಾವಾಗಲೂ ಎಡೊದಲ್ಲೇ. ದಂಗೆ ಏಳಬಾರದು ಅಂತ ಹೀಗೆ ಒತ್ತೆ ಇಟ್ಟುಕೊಂಡಿದ್ದರು. ದೈಮ್ಯೊ ಬಂದರೆ ಒಬ್ಬನೇ ಬರುತ್ತಾನಾ? ಜೊತೆಗೆ ನೂರಾರು, ಕೆಲವೊಮ್ಮೆ ಸಾವಿರಾರು ಸಮುರಾಯ್‌ಗಳು, ಅಂದರೆ ಅವನ ಕೈಕೆಳಗಿನ ಯೋಧರು. ಅವರ ಸಂಸಾರ ಊರಲ್ಲಿ, ಅವರು ಇಲ್ಲಿ.

ಈ ಸಮುರಾಯ್‌ಗಳ ಸಂಬಳ ದುಡ್ಡಲ್ಲ, ಅಕ್ಕಿ. ಲೆಕ್ಕ ಹಾಕುತ್ತಿದ್ದುದು ಕೊಕು ಎಂಬ ಅಳತೆಯಲ್ಲಿ. ಒಂದು ಕೊಕು ಅಂದರೆ ಸುಮಾರು 180 ಲೀಟರು, ತೂಕದಲ್ಲಿ ಹೆಚ್ಚುಕಡಿಮೆ 150 ಕಿಲೊ ಅಕ್ಕಿ. ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಕು ಅಂತ. ನಮ್ಮಲ್ಲಿ ಹಿಂದೆ ಗದ್ದೆಯನ್ನು ಇಷ್ಟು ಖಂಡುಗದ ಗದ್ದೆ ಅಂತ ಹೇಳುತ್ತಿದ್ದರಲ್ಲ, ಹಾಗೆ ಅಲ್ಲಿ ಇಡೀ ಸೀಮೆಯನ್ನೇ ಅಕ್ಕಿಯಲ್ಲಿ ಅಳೆಯುತ್ತಿದ್ದರು. ಹತ್ತು ಸಾವಿರ ಕೊಕು ಇದ್ದರೆ ನೀವು ದೈಮ್ಯೊ. ಕಾಗಾ ಸೀಮೆಯ ಮಾಯೆದಾ ಮನೆತನದ್ದು ಹತ್ತು ಲಕ್ಷ ಕೊಕು. ಎಡೊದ ಅಸಾಕುಸಾ ಹತ್ತಿರ, ಸುಮಿದಾ ನದಿಯ ದಡದಲ್ಲಿ ಶೋಗನ್‌ನ ಅಕ್ಕಿ ಉಗ್ರಾಣಗಳು ಸಾಲಾಗಿ ನಿಂತಿದ್ದವು. ಸಮುರಾಯ್‌ಗಳು ತಮ್ಮ ಪಾಲಿನ ಅಕ್ಕಿಯಲ್ಲಿ ತಿನ್ನುವಷ್ಟು ಇಟ್ಟುಕೊಂಡು, ಉಳಿದದ್ದನ್ನು ದಲ್ಲಾಳಿಗಳ ಮೂಲಕ ಮಾರಿ ದುಡ್ಡು ಮಾಡಿಕೊಳ್ಳುತ್ತಿದ್ದರು. ಹೀಗೆ ದೇಶದ ಅಕ್ಕಿಯೆಲ್ಲ ದೋಣಿ ಹತ್ತಿ ಎಡೊ, ಒಸಾಕಾ ಕಡೆ ಹರಿಯಿತು.

ಇನ್ನು ಬೆಳೆದವರ ಗತಿ ಏನು? ರೈತ ಭತ್ತ ಬೆಳೆದು ಕಂದಾಯಕ್ಕೆ ಕೊಡುತ್ತಿದ್ದ. ತಾನು ಮಾತ್ರ ಬಾರ್ಲಿ, ನವಣೆ, ಊದಲು, ಬರಗು ಬೇಯಿಸಿಕೊಂಡು, ಅದಕ್ಕೇ ಒಂದಿಷ್ಟು ಅಕ್ಕಿ ಬೆರೆಸಿ ತಿನ್ನುತ್ತಿದ್ದ. ಅದೇ ಎಡೊದಲ್ಲಿ ಬಡಗಿ, ಗಾರೆ ಕೆಲಸದವನು, ಹೊರೆ ಹೊರುವವನು ಕೂಡ ಬಿಳಿ ಅನ್ನ ಉಣ್ಣುತ್ತಿದ್ದ. 17ನೇ ಶತಮಾನದ ಕೊನೆಯ ಹೊತ್ತಿಗೆ ಇದು ಅಲ್ಲಿ ಮಾಮೂಲಿ ಆಗಿಬಿಟ್ಟಿತು. ಅಕ್ಕಿ ಬಿಳಿ ಮಾಡಲೆಂದೇ ಜನ ಇದ್ದರು. ಹಳ್ಳಿಗಳಿಂದ ಬಂದ ಗಟ್ಟಿಮುಟ್ಟಾದ ಆಳುಗಳು ಮರದ ಒರಳನ್ನು ಬೀದಿಯಲ್ಲಿ ಉರುಳಿಸಿಕೊಂಡು, ಹೆಗಲ ಮೇಲೆ ಒನಕೆ ಇಟ್ಟುಕೊಂಡು ಮನೆಮನೆಗೆ ಬರುತ್ತಿದ್ದರು. ತೌಡು ಹೋಗಿ ಕಾಳು ಬೆಳ್ಳಗಾಗುವವರೆಗೂ ಕುಟ್ಟಿಕೊಟ್ಟು, ಕೂಲಿ ತೆಗೆದುಕೊಂಡು ಮುಂದಿನ ಮನೆಗೆ ಹೋಗುವುದು.

ಒಬ್ಬ ಗಂಡಸು ದಿನಕ್ಕೆ ಎಷ್ಟು ತಿನ್ನುತ್ತಿದ್ದ ಗೊತ್ತಾ? ಐದು ಗೊ. ನಮ್ಮ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಕಿಲೊ ಅಕ್ಕಿ. ಜೊತೆಗೆ ಹುದುಗಿಸಿದ ಸೋಯಾ ಮುದ್ದೆಯಿಂದ ಮಾಡಿದ ಒಂದು ಬಟ್ಟಲು ಮಿಸೊ ಸಾರು, ಒಂದಿಷ್ಟು ಉಪ್ಪಿನಲ್ಲಿ ಹಾಕಿದ ತರಕಾರಿ. ಮೀನು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಡೊದಲ್ಲಿ ಅನ್ನ ಮಾಡುತ್ತಿದ್ದುದು ಬೆಳಗ್ಗೆ ಒಂದೇ ಸಲ. ಬೆಳಗ್ಗೆ ಬಿಸಿ ಅನ್ನ, ಮಧ್ಯಾಹ್ನ ಅದೇ ತಣ್ಣನೆಯ ಅನ್ನ, ರಾತ್ರಿ ಉಳಿದದ್ದಕ್ಕೆ ಬಿಸಿ ಟೀ ಸುರಿದು ಉಣ್ಣುವುದು. ಕ್ಯೋಟೊ, ಒಸಾಕಾ ಕಡೆಯವರು ಮಾತ್ರ ಮಧ್ಯಾಹ್ನಕ್ಕೆ ಅನ್ನ ಮಾಡುತ್ತಿದ್ದರು, ಅವರಿಗೆ ಬೆಳಗ್ಗೆ ತಂಗಳು. ಸೌದೆಗೆ ದುಡ್ಡು ಕೊಡಬೇಕಾದ ಊರಿನಲ್ಲಿ ಮೂರು ಹೊತ್ತು ಒಲೆ ಹಚ್ಚುವುದು ಯಾರ ಕೈಲಾಗುತ್ತೆ?

ಒಲೆ ಅಂದಾಗ ಬೆಂಕಿಯ ಮಾತು ಬಂತು. ಎಡೊ ಪೂರ್ತಿ ಮರ ಮತ್ತು ಕಾಗದದ ಊರು. ಬೆಂಕಿ ಮತ್ತು ಜಗಳ ಎಡೊದ ಹೂಗಳು ಅಂತ ಅಲ್ಲಿನವರೇ ಗಾದೆ ಕಟ್ಟಿದ್ದರು. 1657ರ ಚಳಿಗಾಲದಲ್ಲಿ ಎದ್ದ ಮೆಯ್‌ರೆಕಿ ಬೆಂಕಿಯಲ್ಲಿ ಊರಿನ ಅರ್ಧಕ್ಕಿಂತ ಜಾಸ್ತಿ ಭಾಗ ಸುಟ್ಟುಹೋಯಿತು. ಒಂದು ಲಕ್ಷದಷ್ಟು ಜನ ಸತ್ತರು ಅಂತ ಹಳೆಯ ದಾಖಲೆಗಳು ಹೇಳುತ್ತವೆ. ಶೋಗನ್‌ನ ಕೋಟೆಯ ಎತ್ತರದ ಗೋಪುರವೂ ಸುಟ್ಟಿತು. ಅದನ್ನು ಮತ್ತೆ ಕಟ್ಟಲೇ ಇಲ್ಲ. ಈಗ ಟೋಕಿಯೋದ ಅರಮನೆಯ ಪೂರ್ವ ತೋಟಕ್ಕೆ ಹೋದರೆ ಬರೀ ಕಲ್ಲಿನ ಅಡಿಪಾಯ ನೋಡಬಹುದು.

ಊರು ಸುಟ್ಟರೆ ಮತ್ತೆ ಕಟ್ಟಬೇಕು. ಕಟ್ಟಲು ಬಡಗಿಗಳು, ಕೂಲಿಯವರು ಹಳ್ಳಿಗಳಿಂದ ಬಂದರು. ಬಹುಪಾಲು ಒಂಟಿ ಗಂಡಸರು. 1721ರಲ್ಲಿ ಸಾಮಾನ್ಯ ಜನರ ಗಣತಿ ಮಾಡಿದಾಗ ಗಂಡಸರು ಮೂರು ಲಕ್ಷಕ್ಕೂ ಜಾಸ್ತಿ, ಹೆಂಗಸರು ಎರಡು ಲಕ್ಷಕ್ಕಿಂತ ಕಡಿಮೆ. ಸಮುರಾಯ್‌ಗಳು ಇದರಲ್ಲಿ ಸೇರಿಲ್ಲ, ಸೇರಿದರೆ ಅಂತರ ಇನ್ನೂ ಜಾಸ್ತಿ. ಇವರೆಲ್ಲ ಇದ್ದದ್ದು ಒಂದೇ ಕೋಣೆಯ ವಠಾರಗಳಲ್ಲಿ. ಇವರ ಹೊಟ್ಟೆ ತುಂಬಿಸಲು ಬೀದಿಬೀದಿಯಲ್ಲಿ ತಳ್ಳುಗಾಡಿ, ಗೂಡಂಗಡಿ ಎದ್ದವು. ಇವತ್ತು ನಾವು ದುಬಾರಿ ಹೋಟೆಲಿನಲ್ಲಿ ಕೂತು ತಿನ್ನುವ ಸುಶಿ, ತೆಂಪುರಾ ಎರಡೂ ಇಲ್ಲಿ ನಿಂತುಕೊಂಡೇ ತಿನ್ನುತ್ತಿದ್ದ ತಿಂಡಿಗಳು. ತೆಂಪುರಾ ಅಂದರೆ ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದು, ಅದನ್ನು ಕಡ್ಡಿಗೆ ಚುಚ್ಚಿ ಕೊಡುತ್ತಿದ್ದರು. ಕಾದ ಎಣ್ಣೆಯನ್ನು ಮನೆಯೊಳಗೆ ಇಟ್ಟುಕೊಳ್ಳುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ, ಹಾಗಾಗಿ ಅದು ಬೀದಿಯಲ್ಲೇ ಬೆಳೆಯಿತು.

ಸುಶಿಯ ಕತೆ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಮೊದಲು ಅದು ಮೀನು ಕೆಡದಂತೆ ಇಡುವ ಉಪಾಯ. ಉಪ್ಪು ಹಾಕಿದ ಮೀನನ್ನು ಅನ್ನದಲ್ಲಿ ಹೂತು ತಿಂಗಳುಗಟ್ಟಲೆ ಇಡುವುದು. ಅನ್ನ ಹುಳಿಯಾಗುತ್ತದೆ, ಆ ಹುಳಿ ಮೀನನ್ನು ಕಾಪಾಡುತ್ತದೆ. ತಿನ್ನುವಾಗ ಮೀನು ಮಾತ್ರ, ಅನ್ನ ಬಿಸಾಡುವುದು. ಬಿವಾ ಸರೋವರದ ಹತ್ತಿರ ಈಗಲೂ ಹೀಗೆ ಮಾಡುತ್ತಾರೆ, ಅದನ್ನು ಫುನಾಜುಶಿ ಅನ್ನುತ್ತಾರೆ. ಬಲು ಗಡಸು ವಾಸನೆ. ಕಾಲ ಕಳೆದಂತೆ ಹುದುಗುವ ಅವಧಿ ಕಡಿಮೆಯಾಯಿತು, ಅನ್ನವನ್ನೂ ತಿನ್ನತೊಡಗಿದರು. ಆಮೇಲೆ ಹುಳಿಗೆ ಕಾಯುವುದೇ ಬೇಡ, ವಿನೆಗರ್ ಹಾಕಿದರೆ ಆಯ್ತಲ್ಲ ಅಂತಾಯಿತು. 1820ರ ದಶಕದಲ್ಲಿ ರ್ಯೊಗೊಕು ಎಂಬಲ್ಲಿ ಹಾನಾಯಾ ಯೊಹೇ ಎನ್ನುವವನು ವಿನೆಗರ್ ಅನ್ನವನ್ನು ಕೈಯಲ್ಲೇ ಉಂಡೆ ಮಾಡಿ, ಮೇಲೆ ಮೀನಿಟ್ಟು ಅಲ್ಲಿಂದಲ್ಲೇ ಕೊಡಲು ಶುರು ಮಾಡಿದ ಅಂತ ಹೇಳುತ್ತಾರೆ. ಎಡೊದವರಿಗೆ ಕಾಯುವ ತಾಳ್ಮೆ ಇರಲಿಲ್ಲ, ಇದು ಅವರಿಗೆ ಸರಿಹೋಯಿತು. ಒಂದೊಂದು ಸುಶಿ ಈಗಿನದಕ್ಕಿಂತ ಎರಡು ಮೂರು ಪಟ್ಟು ದಪ್ಪ. ಎರಡು ಮೂರು ತಿಂದರೆ ಹೊಟ್ಟೆಗೆ ಸಾಕು. ಟ್ಯೂನಾ ಕೆಡಬಾರದು ಅಂತ ಸೋಯಾ ಸಾಸಿನಲ್ಲಿ ನೆನೆಸಿ ಇಡುತ್ತಿದ್ದರು. ವಿನೆಗರ್ ಬರುತ್ತಿದ್ದುದು ಹಾಂಡಾ ಎಂಬ ಊರಿನಿಂದ, ಹಡಗಿನಲ್ಲಿ. ಅಲ್ಲಿ ನಕಾನೊ ಮತಜಾಯೆಮೊನ್ ಎಂಬ ಸಾಕೆ (ಅಕ್ಕಿಯ ಮದ್ಯ) ತಯಾರಕ 1804ರಿಂದ ಸಾಕೆ ಮಾಡಿ ಉಳಿದ ಚರಟದಿಂದ ವಿನೆಗರ್ ತೆಗೆಯುತ್ತಿದ್ದ. ಅದರ ಬಣ್ಣ ಕೆಂಪು. ಬಿಳಿ ಅನ್ನಕ್ಕೆ ಪ್ರಾಣ ಬಿಡುವ ಊರಿನಲ್ಲಿ ಸುಶಿಯ ಅನ್ನ ಮಾತ್ರ ತುಸು ಕೆಂಪಗಿರುತ್ತಿತ್ತು.

ಈಗ ಕಾಯಿಲೆಯ ವಿಷಯಕ್ಕೆ ಬರೋಣ.

ಹಳ್ಳಿಯಿಂದ ಎಡೊಗೆ ಬಂದ ಸಮುರಾಯ್ ಒಂದೆರಡು ತಿಂಗಳಲ್ಲಿ ಸುಸ್ತು ಅನ್ನುತ್ತಿದ್ದ. ಕಾಲು ಭಾರ, ಕಾಲು ಜೋಮು, ಪಾದ ಊದಿಕೊಳ್ಳುವುದು. ಕೆಲವರಿಗೆ ಎದೆ ಬಡಿತ ಏರಿ, ಉಸಿರು ಸಿಗದೆ ಸಾವು. ಅದೇ ಮನುಷ್ಯ ತನ್ನ ಊರಿಗೆ ವಾಪಸು ಹೋದರೆ ತಾನಾಗಿಯೇ ವಾಸಿ. ಜನ ಇದಕ್ಕೆ ಎಡೊ ಕಾಯಿಲೆ ಅಂತಲೇ ಹೆಸರಿಟ್ಟರು. ವೈದ್ಯರು ಗಾಳಿ ಸರಿಯಿಲ್ಲ, ನೀರು ಸರಿಯಿಲ್ಲ, ನೆಲದ ತೇವ ಅಂದರು. ಕಾಯಿಲೆ ಇದ್ದದ್ದು ಬಟ್ಟಲಿನಲ್ಲಿ.

ನಮಗೆ ಈಗ ಗೊತ್ತು, ಅದು ಬೆರಿಬೆರಿ. ಬಿ1 ವಿಟಮಿನ್ ಇಲ್ಲದೆ ಬರುತ್ತದೆ. ಅನ್ನದ ಪಿಷ್ಟವನ್ನು ದೇಹ ಶಕ್ತಿಯಾಗಿ ಮಾಡಿಕೊಳ್ಳಬೇಕಾದರೆ ಈ ಬಿ1 ಬೇಕೇ ಬೇಕು. ಜಾಸ್ತಿ ಅನ್ನ ತಿಂದಷ್ಟೂ ಜಾಸ್ತಿ ಬೇಕು. ಅದು ಇರುವುದು ತೌಡಿನಲ್ಲಿ ಮತ್ತು ಮೊಳಕೆಯ ತುದಿಯಲ್ಲಿ. ಅಂದರೆ ಒನಕೆಯವನು ಕುಟ್ಟಿ ತೆಗೆದುಬಿಡುತ್ತಿದ್ದ ಭಾಗದಲ್ಲಿ. ದೇಹದೊಳಗೆ ಇದರ ದಾಸ್ತಾನು ಎರಡು ಮೂರು ವಾರಕ್ಕಿಂತ ಜಾಸ್ತಿ ಬಾಳುವುದಿಲ್ಲ. ಬಾರ್ಲಿ, ನವಣೆ ತಿನ್ನುವ ಬಡ ರೈತನಿಗೆ ಈ ಕಾಯಿಲೆ ಅಪರೂಪ. ಶ್ರೀಮಂತನಿಗೆ ಮೊದಲು. 14ನೇ ಶೋಗನ್ ಇಯೆಮೋಚಿ 1866ರಲ್ಲಿ ಒಸಾಕಾದ ಕೋಟೆಯಲ್ಲಿ ಸತ್ತಾಗ ಅವನಿಗೆ ಇನ್ನೂ 20 ವರ್ಷ. ಕಾರಣ ಬೆರಿಬೆರಿ. ಅವನಿಗೆ ಸಿಹಿ ಅಂದರೆ ಪ್ರಾಣ. ಸುಮಾರು ನೂರು ವರ್ಷದ ನಂತರ ಅವನ ಸಮಾಧಿ ತೆರೆದು ನೋಡಿದಾಗ ಹೆಚ್ಚುಕಡಿಮೆ ಎಲ್ಲ ಹಲ್ಲೂ ಹುಳುಕಾಗಿದ್ದವು. ಹನ್ನೊಂದು ವರ್ಷದ ಮೇಲೆ ಅವನ ಹೆಂಡತಿ, ಚಕ್ರವರ್ತಿಯ ತಂಗಿ ಕಜುನೊಮಿಯಾ ಕೂಡ ಅದೇ ಕಾಯಿಲೆಯಿಂದ ತೀರಿಕೊಂಡಳು.

ನೀವು ಕೇಳಬಹುದು, ಹಾಗಾದರೆ ಊರಿಗೆ ಊರೇ ಯಾಕೆ ಸಾಯಲಿಲ್ಲ? ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. ತೆಗೆದ ತೌಡನ್ನು ಎಡೊದವರು ಎಸೆಯುತ್ತಿರಲಿಲ್ಲ. ಅದಕ್ಕೆ ಉಪ್ಪು ನೀರು ಕಲಸಿ, ಹಸಿ ಮರಳಿನ ಹದಕ್ಕೆ ತಂದು, ಮರದ ತೊಟ್ಟಿಯಲ್ಲಿ ಹುದುಗಲು ಬಿಡುತ್ತಿದ್ದರು. ಇದನ್ನು ನುಕಾದೊಕೊ ಅನ್ನುತ್ತಾರೆ. ಸೌತೆಕಾಯಿ, ಬದನೆ, ಮೂಲಂಗಿಯನ್ನು ಅದರೊಳಗೆ ಹೂತಿಟ್ಟರೆ ಒಂದೆರಡು ದಿನಕ್ಕೆ ಹುಳಿ ಉಪ್ಪಿನಕಾಯಿ ಸಿದ್ಧ. ದಿನಾ ಕೈ ಹಾಕಿ ಬುಡದಿಂದ ತಿರುವಬೇಕು. ಬೇಸಿಗೆಯಲ್ಲಿ ಎರಡು ಸಲ. ತಿರುವದಿದ್ದರೆ ಮೇಲೆ ಬೂಷ್ಟು, ಒಳಗೆ ಕೆಟ್ಟ ನಾತ. ಚೆನ್ನಾಗಿ ನೋಡಿಕೊಂಡರೆ ಅದೇ ತೌಡು ವರ್ಷಗಟ್ಟಲೆ ಬಾಳುತ್ತದೆ, ಅತ್ತೆಯಿಂದ ಸೊಸೆಗೆ ಬರುತ್ತದೆ. ತೌಡಿನ ಬಿ1 ತರಕಾರಿಯೊಳಗೆ ಇಳಿಯುತ್ತದೆ. ಅನ್ನದಿಂದ ತೆಗೆದದ್ದು ಉಪ್ಪಿನಕಾಯಿಯಲ್ಲಿ ಒಂದಿಷ್ಟು ವಾಪಸು ಬಂತು. ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ, ರುಚಿಗೆ ಮಾಡಿದ್ದು.

ಇದೇ ತೌಡು ಮತ್ತು ಉಪ್ಪಿನಲ್ಲಿ ಒಣಮೂಲಂಗಿ ಹಾಕಿದರೆ ತಕುವಾನ್. ಅದಕ್ಕೆ ಹೆಸರಾದದ್ದು ಎಡೊದ ಹೊರವಲಯದ ನೆರಿಮಾ ಮೂಲಂಗಿ. ಅದರ ಹಿಂದೆ ಒಂದು ಐತಿಹ್ಯ ಇದೆ. 5ನೇ ಶೋಗನ್ ತ್ಸುನಯೋಶಿ ಪಟ್ಟಕ್ಕೆ ಬರುವ ಮುಂಚೆ ಬೆರಿಬೆರಿಯಿಂದ ನರಳಿ, ಸುಧಾರಿಸಿಕೊಳ್ಳಲು ನೆರಿಮಾದಲ್ಲಿ ಉಳಿದಿದ್ದನಂತೆ. ಆಗ ಓವಾರಿಯಿಂದ ಮೂಲಂಗಿ ಬೀಜ ತರಿಸಿ ಅಲ್ಲಿ ಹಾಕಿಸಿದನಂತೆ. ಕತೆ ಎಷ್ಟು ನಿಜವೋ, ಜನ ಮಾತ್ರ ಮೂಲಂಗಿಯನ್ನೂ ಈ ಕಾಯಿಲೆಯನ್ನೂ ಒಟ್ಟಿಗೆ ಕಟ್ಟಿ ನೆನಪಿಟ್ಟುಕೊಂಡಿದ್ದಾರೆ. ಸೊಬಾ ಅಂತ ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನ ಶಾವಿಗೆಯೂ ಇದೆ. ಅದರಲ್ಲೂ ಬಿ1 ಇದೆ. ಶಾವಿಗೆ ಬೇಯಿಸಿದ ನೀರನ್ನು ಕೊನೆಯಲ್ಲಿ ಕುಡಿಯುವ ಪದ್ಧತಿ ಈಗಲೂ ಉಂಟು.

ಇಲ್ಲಿ ಮಂಗಳೂರು, ಉಡುಪಿ ಕಡೆಯವರು ಇದ್ದರೆ ನಿಮಗೆ ಒಂದು ಮಾತು. ನೀವು ಉಣ್ಣುವ ಕುಚ್ಚಲಕ್ಕಿಯಲ್ಲಿ ಈ ತೊಂದರೆ ಬಹಳ ಕಡಿಮೆ. ಭತ್ತವನ್ನು ಮೊದಲೇ ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟುವುದರಿಂದ ತೌಡಿನ ಬಿ1 ಕಾಳಿನ ಒಳಕ್ಕೆ ಇಳಿದುಬಿಟ್ಟಿರುತ್ತದೆ. ಆಮೇಲೆ ತೌಡು ಹೋದರೂ ಅದು ಪೂರ್ತಿ ಹೋಗುವುದಿಲ್ಲ. ಜಪಾನಿನವರಿಗೆ ಬೇಕಾದದ್ದು ಅಂಟುವ, ಹೊಳೆಯುವ, ಸಿಹಿಯಾದ ಬಿಳಿ ಅನ್ನ. ಅವರು ಭತ್ತ ಬೇಯಿಸುವ ದಾರಿ ಹಿಡಿಯಲಿಲ್ಲ.

1868ರಲ್ಲಿ ಶೋಗನ್‌ಗಳ ಆಳ್ವಿಕೆ ಮುಗಿಯಿತು. ಆಮೇಲೆ ಹೊಸ ಸರ್ಕಾರ, ಹೊಸ ಸೈನ್ಯ, ಹೊಸ ನೌಕಾಪಡೆ. ಎಡೊದ ಕಾಯಿಲೆ ಹಡಗು ಹತ್ತಿತು. 1883ರಲ್ಲಿ ರ್ಯೂಜೊ ಎಂಬ ತರಬೇತಿ ಹಡಗು ನ್ಯೂಜಿಲೆಂಡ್, ದಕ್ಷಿಣ ಅಮೆರಿಕ, ಹವಾಯಿ ಸುತ್ತಿ ಬಂತು. ಹಡಗಿನಲ್ಲಿದ್ದವರು 376 ಜನ. 169 ಜನಕ್ಕೆ ಬೆರಿಬೆರಿ. 25 ಜನ ಸತ್ತರು. ಯುದ್ಧವೇ ಇಲ್ಲದ ಪ್ರಯಾಣದಲ್ಲಿ!

ಇದನ್ನು ಕೈಗೆತ್ತಿಕೊಂಡವರು ನೌಕಾಪಡೆಯ ವೈದ್ಯ ತಕಾಕಿ ಕನೆಹಿರೊ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಐದು ವರ್ಷ ಓದಿ ಬಂದವರು. ಅಲ್ಲಿ ಈ ಕಾಯಿಲೆಯೇ ಇಲ್ಲ ಅನ್ನುವುದು ಅವರ ಗಮನಕ್ಕೆ ಬಂದಿತ್ತು. ಇಲ್ಲಿ ಹಡಗಿನ ಅಧಿಕಾರಿಗಳಿಗೆ ಕಡಿಮೆ, ಸಾಮಾನ್ಯ ನಾವಿಕರಿಗೆ ಜಾಸ್ತಿ. ಒಂದೇ ಹಡಗು, ಒಂದೇ ಗಾಳಿ, ಒಂದೇ ನೀರು. ಬೇರೆ ಇದ್ದದ್ದು ಊಟ ಮಾತ್ರ. ನಾವಿಕರಿಗೆ ಊಟದ ಬಾಬ್ತು ದುಡ್ಡು ಕೊಡುತ್ತಿದ್ದರು. ಅವರು ಅನ್ನದಲ್ಲೇ ಹೊಟ್ಟೆ ತುಂಬಿಸಿಕೊಂಡು, ಉಳಿದದ್ದನ್ನು ಮನೆಗೆ ಕಳಿಸುತ್ತಿದ್ದರು. ಬಡ ಮನೆಯ ಹುಡುಗರು, ಇನ್ನೇನು ಮಾಡುತ್ತಾರೆ?

ತಕಾಕಿ ಹಟ ಹಿಡಿದು 1884ರಲ್ಲಿ ತ್ಸುಕುಬಾ ಎಂಬ ಹಡಗನ್ನು ಅದೇ ದಾರಿಯಲ್ಲಿ ಕಳಿಸಿದರು. ಈ ಸಲ ಮಾಂಸ, ಬ್ರೆಡ್ಡು, ಹಾಲು, ತರಕಾರಿ. ಬಂದ ಫಲ ನೋಡಿ. ಸಾವು ಒಂದೂ ಇಲ್ಲ. ಬೆರಿಬೆರಿ ಬಂದದ್ದು 14 ಜನಕ್ಕೆ, ಅವರಲ್ಲಿ ಹೆಚ್ಚಿನವರು ಕೊಟ್ಟ ಮಾಂಸ, ಹಾಲು ಮುಟ್ಟದವರು. ನಾವಿಕರಿಗೆ ಬ್ರೆಡ್ಡು ಸೇರಲಿಲ್ಲ, ಹಾಗಾಗಿ 1885ರಿಂದ ಅಕ್ಕಿಗೆ ಬಾರ್ಲಿ ಬೆರೆಸಿದರು. ಕೆಲವೇ ವರ್ಷಗಳಲ್ಲಿ ನೌಕಾಪಡೆಯಿಂದ ಆ ಕಾಯಿಲೆ ಹೆಚ್ಚುಕಡಿಮೆ ಮಾಯ. ಪ್ರೋಟೀನ್ ಸಾಲದೆ ಬರುವ ಕಾಯಿಲೆ ಇದು ಅಂತ ತಕಾಕಿ ನಂಬಿದ್ದರು. ಆ ವಿವರಣೆ ತಪ್ಪು. ಆದರೆ ಊಟ ಬದಲಾಯಿಸಬೇಕು ಅಂದದ್ದು ಸರಿ, ಜೀವ ಉಳಿಯಲು ಅಷ್ಟು ಸಾಕಾಯಿತು.

ಸೈನ್ಯ ಒಪ್ಪಲಿಲ್ಲ. ಸೈನ್ಯದ ವೈದ್ಯರೂ ಟೋಕಿಯೋ ವಿಶ್ವವಿದ್ಯಾಲಯದವರೂ ಜರ್ಮನ್ ವೈದ್ಯಶಾಸ್ತ್ರದ ದಾರಿಯವರು. ಕಾಯಿಲೆ ಅಂದ ಮೇಲೆ ರೋಗಾಣು ಇರಬೇಕು ಅನ್ನುವ ಕಾಲ ಅದು. 1885ರಲ್ಲಿ ಒಗಾತಾ ಮಸನೊರಿ ಬೆರಿಬೆರಿಯ ರೋಗಾಣು ಸಿಕ್ಕಿತು ಅಂತ ಘೋಷಿಸಿಯೂ ಬಿಟ್ಟರು. ಕಾದಂಬರಿಕಾರರಾಗಿ ಜಪಾನಿನಲ್ಲಿ ಮನೆಮಾತಾದ ಮೋರಿ ಓಗಾಯ್ ಕೂಡ ಸೈನ್ಯದ ವೈದ್ಯರೇ. ಅವರೂ ಬಾರ್ಲಿಯ ವಾದವನ್ನು ಒಪ್ಪಲಿಲ್ಲ. ಸೈನ್ಯದೊಳಗೇ ಗುಮಾನಿ ಇದ್ದವರಿದ್ದರು. ಜೈಲಿನ ಕೈದಿಗಳಿಗೆ ಖರ್ಚು ಉಳಿಸಲು ಬಾರ್ಲಿ ಬೆರೆಸಿದ ಅನ್ನ ಹಾಕುತ್ತಿದ್ದರು, ಅವರಿಗೆ ಬೆರಿಬೆರಿ ಇಲ್ಲ ಅನ್ನುವುದನ್ನು ಒಸಾಕಾದ ಸೇನಾ ವೈದ್ಯರು ಗಮನಿಸಿ ತಮ್ಮ ತುಕಡಿಗೂ ಅದನ್ನೇ ಕೊಟ್ಟಿದ್ದರು. ಫಲವೂ ಸಿಕ್ಕಿತ್ತು. ಆದರೂ ಯುದ್ಧ ಬಂದಾಗ ಮೇಲಿನಿಂದ ಬಂದ ಆಜ್ಞೆ ಬಿಳಿ ಅಕ್ಕಿ. ದಿನಕ್ಕೆ ಆರು ಗೊ, ಸುಮಾರು 900 ಗ್ರಾಂ.

ಒಂದು ಮಾತು ಸೈನ್ಯದ ಪರವಾಗಿಯೂ ಹೇಳಬೇಕು. ಸೈನ್ಯಕ್ಕೆ ಸೇರಿದವರು ಹಳ್ಳಿಯ ಹುಡುಗರು. ಹಬ್ಬಕ್ಕೋ ಮದುವೆಗೋ ಬಿಟ್ಟರೆ ಬಿಳಿ ಅನ್ನ ಕಾಣದವರು. ಸೈನ್ಯಕ್ಕೆ ಹೋದರೆ ಮೂರು ಹೊತ್ತೂ ಬಿಳಿ ಅನ್ನ ಅನ್ನುವುದೇ ಅವರಿಗೆ ದೊಡ್ಡ ಆಸೆ. ಸಾಯಲು ಕಳಿಸುವ ಹುಡುಗನ ಬಟ್ಟಲಿಗೆ ಬಡವರ ಬಾರ್ಲಿ ಹಾಕುವುದು ಹೇಗೆ ಅಂತ ಅನ್ನಿಸಿದ್ದರೆ ಅದು ನನಗೆ ಅರ್ಥವಾಗುತ್ತದೆ. ಅರ್ಥವಾಗದೇ ಇರುವುದು, ನೌಕಾಪಡೆಯ ಅಂಕಿ ಅಂಶ ಕಣ್ಣ ಮುಂದೆ ಇಪ್ಪತ್ತು ವರ್ಷ ಇದ್ದರೂ ನೋಡದೇ ಹೋದದ್ದು. 1904-05ರ ರಷ್ಯಾ ಯುದ್ಧದಲ್ಲಿ ಸುಮಾರು ಎರಡೂವರೆ ಲಕ್ಷ ಸೈನಿಕರಿಗೆ ಬೆರಿಬೆರಿ ಬಂತು. ಸುಮಾರು 27 ಸಾವಿರ ಜನ ಸತ್ತರು. ಗುಂಡಿಗಲ್ಲ, ಊಟಕ್ಕೆ. 1905ರ ಮಾರ್ಚಿನಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಸೇನಾ ಮಂತ್ರಿ ತೆರಾವುಚಿ ಬಾರ್ಲಿ ಬೆರೆಸಲು ಆಜ್ಞೆ ಹೊರಡಿಸಿದರು.

ಕಾರಣ ಬಯಲಾದದ್ದು ನಿಧಾನಕ್ಕೆ. ಜಾವಾದಲ್ಲಿ ಡಚ್ ವೈದ್ಯ ಐಕ್‌ಮನ್ 1890ರ ದಶಕದಲ್ಲಿ ಕೋಳಿಗಳ ಮೇಲೆ ನೋಡಿದ್ದರು. ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಬಿದ್ದುಹೋಗುತ್ತಿತ್ತು, ತೌಡು ಕೊಟ್ಟರೆ ಎದ್ದು ನಿಲ್ಲುತ್ತಿದ್ದವು. 1910ರಲ್ಲಿ ಟೋಕಿಯೋದ ಸುಜುಕಿ ಉಮೆತಾರೊ ತೌಡಿನಿಂದಲೇ ಆ ಅಂಶವನ್ನು ಬೇರ್ಪಡಿಸಿದರು. ಅವರು ಕೃಷಿ ರಸಾಯನಶಾಸ್ತ್ರದವರು, ವೈದ್ಯರಲ್ಲ. ವೈದ್ಯರು ಅವರ ಮಾತಿಗೆ ಬೆಲೆ ಕೊಡಲಿಲ್ಲ. ಮೊದಲು ಬರೆದದ್ದೂ ಜಪಾನಿ ಭಾಷೆಯಲ್ಲಿ, ಹೊರಗಿನವರಿಗೆ ತಲುಪಲಿಲ್ಲ. ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಕಸಿಮಿರ್ ಫಂಕ್ ಮರುವರ್ಷ ಅಂಥದೇ ಕೆಲಸ ಮಾಡಿ, 1912ರಲ್ಲಿ ವಿಟಮಿನ್ ಅಂತ ಹೆಸರಿಟ್ಟರು. ಹೆಸರು ಅವರಿಗೆ ಉಳಿಯಿತು. 1929ರ ನೊಬೆಲ್ ಐಕ್‌ಮನ್‌ಗೆ ಸಿಕ್ಕಿತು. ಸುಜುಕಿಯವರಿಗೆ ಅದರಲ್ಲಿ ಪಾಲು ಸಿಗಲಿಲ್ಲ ಅನ್ನುವುದು ನನಗೆ ಈಗಲೂ ನೋವಿನ ಸಂಗತಿ.

ಕರಿ ಅನ್ನುವ ಮಸಾಲೆ ಸಾರಿನ ವಿಷಯ ಹೇಳುತ್ತೇನೆ ಅಂದಿರಲಿಲ್ಲ, ಆದರೆ ಹೇಳದೆ ಹೋದರೆ ತಪ್ಪಾಗುತ್ತದೆ. ನೌಕಾಪಡೆ ಮಾಂಸ, ಗೋಧಿ ಹಿಟ್ಟು ತಿನ್ನಿಸಲು ದಾರಿ ಹುಡುಕುತ್ತಿದ್ದಾಗ ಬ್ರಿಟಿಷ್ ನೌಕಾಪಡೆಯ ಅಡುಗೆಯಲ್ಲಿ ಒಂದು ಐಟಂ ಸಿಕ್ಕಿತು. ನಮ್ಮ ದೇಶದಿಂದ ಇಂಗ್ಲೆಂಡಿಗೆ ಹೋಗಿ, ಡಬ್ಬಿ ಪುಡಿಯಾಗಿ, ಮೈದಾ ಹಾಕಿ ಗಟ್ಟಿ ಮಾಡಿದ ಕರಿ. ಅನ್ನದ ಮೇಲೆ ಸುರಿದು ಕೊಟ್ಟರೆ ನಾವಿಕರು ಬೇಡ ಅನ್ನಲಿಲ್ಲ. 1908ರಲ್ಲಿ ಮೈಜುರು ನೌಕಾನೆಲೆಯಿಂದ ಬಂದ ಅಡುಗೆ ಕೈಪಿಡಿಯಲ್ಲಿ ಅದನ್ನು ಮಾಡುವ ಕ್ರಮ ಇದೆ. ಮಾಂಸ, ಕ್ಯಾರೆಟ್, ಈರುಳ್ಳಿ, ಆಲೂಗೆಡ್ಡೆ, ಕೊಬ್ಬಿನಲ್ಲಿ ಹುರಿದ ಹಿಟ್ಟು, ಕರಿ ಪುಡಿ. ಜಪಾನಿನ ಮನೆಗಳಲ್ಲಿ ಇವತ್ತು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಅಲ್ಲಿನ ನೌಕಾಪಡೆಯ ಹಡಗುಗಳಲ್ಲಿ ಪ್ರತಿ ಶುಕ್ರವಾರ ಕರಿ. ಸಮುದ್ರದ ನಡುವೆ ವಾರ ಯಾವುದು ಅಂತ ಮರೆಯದಿರಲಿ ಅಂತ. ಒಂದೊಂದು ಹಡಗಿಗೂ ತನ್ನದೇ ರುಚಿ. ಇದಕ್ಕೆ ಪೈಪೋಟಿಯಾಗಿ ಅಸಲಿ ಭಾರತದ ರುಚಿ ತೋರಿಸುತ್ತೇನೆ ಅಂತ ಹೊರಟವರು ಬಂಗಾಳದ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸ್. ಬ್ರಿಟಿಷರಿಂದ ತಪ್ಪಿಸಿಕೊಂಡು ಹೋದ ಅವರನ್ನು ಶಿಂಜುಕುವಿನ ನಕಮುರಾಯಾ ಬೇಕರಿಯವರು ಬಚ್ಚಿಟ್ಟು ಕಾಪಾಡಿದರು, ಮಗಳನ್ನೂ ಕೊಟ್ಟರು. 1927ರಿಂದ ಅಲ್ಲಿ ಮೂಳೆ ಸಮೇತ ಕೋಳಿ ಹಾಕಿದ ಭಾರತೀಯ ಕರಿ ಸಿಗತೊಡಗಿತು. ಈಗಲೂ ಸಿಗುತ್ತದೆ.

ಒಬ್ಬರು ಕೇಳುತ್ತಿದ್ದಾರೆ, ವಿಟಮಿನ್ ಸಿಕ್ಕ ಮೇಲೆ ಕಾಯಿಲೆ ನಿಂತಿತಾ ಅಂತ. ತಕ್ಷಣ ನಿಲ್ಲಲಿಲ್ಲ. ಯಂತ್ರದ ಗಿರಣಿ ಬಂದು ಹಳ್ಳಿಗೂ ಬಿಳಿ ಅಕ್ಕಿ ತಲುಪಿತು. 1920ರ ದಶಕದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಜನ ಬೆರಿಬೆರಿಯಿಂದ ಸಾಯುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಊಟದಲ್ಲಿ ಬಗೆಬಗೆ ಪದಾರ್ಥ ಸೇರಿ, ಬಿ1 ಮಾತ್ರೆ ಅಗ್ಗವಾಗಿ ಅದು ಮರೆಯಾಯಿತು. ಆಮೇಲೆ 1970ರ ದಶಕದಲ್ಲಿ ಇದ್ದಕ್ಕಿದ್ದಂತೆ ಹದಿಹರೆಯದ ಹುಡುಗರು ಕಾಲು ಊದಿಕೊಂಡು ಆಸ್ಪತ್ರೆಗೆ ಬರತೊಡಗಿದರು. ವಯಸ್ಸಾದ ವೈದ್ಯರಿಗೆ ಕೂಡಲೇ ಗುರುತು ಸಿಕ್ಕಿತು. ಆ ಹುಡುಗರು ತಿನ್ನುತ್ತಿದ್ದುದು ಬಿಳಿ ಅನ್ನ, ಇನ್‌ಸ್ಟಂಟ್ ನೂಡಲ್ಸ್, ಸಿಹಿ ಸೋಡಾ. ಜಪಾನಿನಿಂದ ಯಾರಾದರೂ ನಿಮಗೆ ನೂಡಲ್ಸ್ ಪೊಟ್ಟಣ ತಂದುಕೊಟ್ಟರೆ ಹಿಂದೆ ತಿರುಗಿಸಿ ನೋಡಿ. ಪದಾರ್ಥಗಳ ಪಟ್ಟಿಯ ಕೊನೆಕೊನೆಯಲ್ಲಿ ಬಹುತೇಕ ಅದರಲ್ಲಿ ವಿಟಮಿನ್ ಬಿ1 ಅಂತ ಇರುತ್ತದೆ.